ಸೆಲ್ಲಿನ ಮೇಲೆ ಬರೆದ ವೋಲ್ಟ್ ಅದರ ಹೆಸರು ಮಾತ್ರ

ಈ ಸಲ ಬಂದ ಪತ್ರಗಳಲ್ಲಿ ಆರು ಪತ್ರ ಒಂದೇ ವಿಷಯದ ಸುತ್ತ ಇವೆ: ಮನೆಯಲ್ಲೇ ಮಾಡಿಕೊಂಡ ಎಲ್‌ಇಡಿ ಟಾರ್ಚಿಗೆ ಯಾವ ಬ್ಯಾಟರಿ ಹಾಕಬೇಕು? ಭೌತಶಾಸ್ತ್ರದ ಲ್ಯಾಬಿನಲ್ಲಿ ಮಕ್ಕಳ ಜೊತೆ ಬಹಳ ವರ್ಷ ಕಳೆದವಳು ನಾನು. ಈ ಪ್ರಶ್ನೆ ಬಂದರೆ ನನಗೆ ಸಂತೋಷವೇ. ಅಂಕಣ ಪೂರ್ತಿ ಅದಕ್ಕೇ ಮೀಸಲಿಡುತ್ತೇನೆ.

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿ ಹುಡುಗಿ. ಪಿವಿಸಿ ಪೈಪಿನ ತುಂಡಿನಲ್ಲಿ ಟಾರ್ಚ್ ಮಾಡಿದೆ. ಒಂದು ಬಿಳಿ ಎಲ್‌ಇಡಿ, ಎರಡು ಪೆನ್ಸಿಲ್ ಸೆಲ್. ಮೊದಲ ದಿನ ಚೆನ್ನಾಗಿ ಬೆಳಗಿತು, ನಾಲ್ಕೇ ದಿನಕ್ಕೆ ಮಂಕಾಯಿತು. ಅದೇ ಸೆಲ್ಲನ್ನು ಗೋಡೆ ಗಡಿಯಾರಕ್ಕೆ ಹಾಕಿದೆ, ಇವತ್ತಿಗೂ ಓಡುತ್ತಿದೆ! ಅಣ್ಣ 9 ವೋಲ್ಟ್ ಬ್ಯಾಟರಿ ಹಾಕು ಎಂದ. ಹಾಕಿದ ತಕ್ಷಣ ಎಲ್‌ಇಡಿ ನೀಲಿಯಾಗಿ ಹೊಳೆದು ಸುಟ್ಟೇ ಹೋಯಿತು. ಹಾಗಾದರೆ ಎಷ್ಟು ವೋಲ್ಟ್ ಸರಿ?

ಉತ್ತರ: ಮಗೂ, ನಿನ್ನ ಉತ್ತರದ ಅರ್ಧ ಭಾಗ ನಿನ್ನ ಪತ್ರದಲ್ಲೇ ಇದೆ. ಟಾರ್ಚಿನಲ್ಲಿ ಸತ್ತ ಸೆಲ್ ಗಡಿಯಾರದಲ್ಲಿ ಬದುಕಿದೆ ಎಂದರೆ ಅದು ಸತ್ತಿರಲೇ ಇಲ್ಲ. ಎಲ್‌ಇಡಿ ಕೇಳಿದಷ್ಟು ಎತ್ತರಕ್ಕೆ ಅದು ಮುಟ್ಟುತ್ತಿರಲಿಲ್ಲ, ಅಷ್ಟೇ.

ಹಳೆಯ ತಂತಿ ಬಲ್ಬಿಗೂ ಎಲ್‌ಇಡಿಗೂ ಇರುವ ವ್ಯತ್ಯಾಸ ಇಲ್ಲೇ. ತಂತಿ ಬಲ್ಬು ಒಂದು ವೋಲ್ಟಿಗೂ ಸ್ವಲ್ಪ ಕೆಂಪಗೆ ಕಾಯುತ್ತದೆ. ಎಲ್‌ಇಡಿಗೆ ಒಂದು ಹೊಸ್ತಿಲಿದೆ, ಅದನ್ನು ದಾಟುವವರೆಗೆ ಕತ್ತಲೆ. ಬಿಳಿ ಎಲ್‌ಇಡಿಯ ಒಳಗಿರುವುದು ನಿಜವಾಗಿ ನೀಲಿ ಬೆಳಕು ಕೊಡುವ ಇಂಡಿಯಂ ಗ್ಯಾಲಿಯಂ ನೈಟ್ರೈಡ್ ಚಿಪ್. ಅದರ ಮೇಲಿನ ಹಳದಿ ಫಾಸ್ಫರ್ ಲೇಪನ ಆ ನೀಲಿಯಲ್ಲಿ ಒಂದಿಷ್ಟನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿ. ನೀಲಿ ಬೆಳಕಿನ ಒಂದೊಂದು ಕಣಕ್ಕೂ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು (ಒಂದು ಎಲೆಕ್ಟ್ರಾನಿಗೆ ಒಂದು ವೋಲ್ಟ್ ಕೊಡುವ ಶಕ್ತಿಯೇ ಒಂದು ಎಲೆಕ್ಟ್ರಾನ್ ವೋಲ್ಟ್). ಕೆಂಪಿಗೆ 2ರ ಹತ್ತಿರ ಸಾಕು. ಅದಕ್ಕೇ ಕೆಂಪು ಎಲ್‌ಇಡಿ 2 ವೋಲ್ಟಿಗೆ ಬೆಳಗಿದರೆ ಬಿಳಿಯದು 3 ವೋಲ್ಟ್ ದಾಟಿಸು ಎನ್ನುತ್ತದೆ. ಆ ನೀಲಿ ಚಿಪ್ಪನ್ನು ಸಾಧ್ಯವಾಗಿಸಿದ ಇಸಾಮು ಅಕಸಾಕಿ, ಹಿರೋಷಿ ಅಮಾನೋ, ಶೂಜಿ ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಿನ್ನ ಪೈಪಿನ ತುದಿಯಲ್ಲಿ ಕೂತಿರುವುದು ಅದೇ ಚಿಪ್ಪಿನ ವಂಶದ್ದು.

ಸಾಮಾನ್ಯ 5 ಮಿ.ಮೀ. ಬಿಳಿ ಎಲ್‌ಇಡಿ ಒಂದನ್ನು ನಾನು ಅಳೆದಾಗ ಲ್ಯಾಬ್ ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗೆ: 2.7 ವೋಲ್ಟಿಗೆ 1 ಮಿಲಿ ಆಂಪಿಯರ್ ಆಸುಪಾಸು, 3.0ಕ್ಕೆ 10, 3.2ಕ್ಕೆ 20, 3.4ಕ್ಕೆ 35ರ ಮೇಲೆ. ಎಲ್‌ಇಡಿಯಿಂದ ಎಲ್‌ಇಡಿಗೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಏರುವ ರೀತಿ ಮಾತ್ರ ಇದೇ. ಅರ್ಧ ವೋಲ್ಟಿನೊಳಗೆ ಮಿಣುಕಿನಿಂದ ಪೂರ್ಣ ಬೆಳಕಿಗೆ ಹೋಗಿಬಿಡುತ್ತದೆ. ಇನ್ನೊಂದು ಕಾಲು ವೋಲ್ಟ್ ಕೊಟ್ಟರೆ ಸುಡುವ ದಾರಿ ಹಿಡಿಯುತ್ತದೆ.

ಈಗ ಸೆಲ್ಲಿನ ಕಡೆ ಬಾ. ಪೆನ್ಸಿಲ್ ಸೆಲ್ಲಿನ ಗಾತ್ರಕ್ಕೆ ಎಎ ಎನ್ನುತ್ತಾರೆ. ಎಎ ಆಲ್ಕಲೈನ್ ಸೆಲ್ಲಿನ ಮೇಲೆ 1.5 ವೋಲ್ಟ್ ಎಂದು ಬರೆದಿರುತ್ತದೆ. ಅದು ಸೆಲ್ಲಿನ ಹೆಸರು ಎಂದುಕೋ, ಅದರ ಅಳತೆ ಅಲ್ಲ. ಹೊಸದು ಕೈಗೆ ಬಂದಾಗ 1.6 ಇರುತ್ತದೆ. ಬಳಸುತ್ತಿದ್ದಂತೆ 1.4, 1.3, 1.2 ಎಂದು ಇಳಿಜಾರಿನಲ್ಲಿ ಇಳಿಯುತ್ತ 0.9ಕ್ಕೆ ಬಂದಾಗ ಬಹುಪಾಲು ಖಾಲಿ. ಎರಡು ಹೊಸ ಸೆಲ್ ಸೇರಿದರೆ 3.2 ವೋಲ್ಟ್, ಎಲ್‌ಇಡಿ ಕೇಳಿದಷ್ಟೇ. ಅದಕ್ಕೇ ಮೊದಲ ದಿನ ಅಷ್ಟು ಚೆನ್ನಾಗಿ ಬೆಳಗಿತು. ಸೆಲ್ 1.4ಕ್ಕೆ ಇಳಿದರೆ ಎರಡೂ ಸೇರಿ 2.8, ಅಂದರೆ ಎಲ್‌ಇಡಿ ಆಗಲೇ ಹೊಸ್ತಿಲ ಮೇಲೆ ನಿಂತಿದೆ. ಸೆಲ್ಲಿನಲ್ಲಿ ಮುಕ್ಕಾಲಿಗೂ ಹೆಚ್ಚು ಶಕ್ತಿ ಹಾಗೇ ಉಳಿದಿದೆ. ಒಂದೇ ಸೆಲ್ಲಿನಲ್ಲಿ ಓಡುವ ಗೋಡೆ ಗಡಿಯಾರ ಆ ಉಳಿದದ್ದನ್ನು ನಿಧಾನವಾಗಿ ತಿನ್ನುತ್ತಿದೆ.

ಹಾಗಾಗಿ ಮೂರು ಸೆಲ್ ಹಾಕು, ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದು, ಜೊತೆಗೆ ಕರೆಂಟಿಗೆ ಕಡಿವಾಣ ಹಾಕುವ ಒಂದು 68 ಓಮ್ ರೆಸಿಸ್ಟರ್. ಲೆಕ್ಕ ಇದು: 4.5ರಲ್ಲಿ 3.2 ಕಳೆದರೆ 1.3 ವೋಲ್ಟ್ ಮಿಗುತ್ತದೆ, ಅದನ್ನು 0.020 ಆಂಪಿಯರಿನಿಂದ ಭಾಗಿಸಿದರೆ 65 ಓಮ್. ಸಿಗುವ ಹತ್ತಿರದ ಬೆಲೆ 68, ಬಣ್ಣದ ಪಟ್ಟಿ ನೀಲಿ, ಬೂದು, ಕಪ್ಪು. ಹೊಸ ಸೆಲ್ಲಿನಲ್ಲಿ 4.8 ವೋಲ್ಟ್ ಬಂದರೂ ಕರೆಂಟು 23-24 ಮಿಲಿ ಆಂಪಿಯರ್ ದಾಟದು. ಸೆಲ್ 1.3ಕ್ಕೆ ಇಳಿದಾಗಲೂ 11-12 ಉಳಿಯುತ್ತದೆ. ಕರೆಂಟು ಅರ್ಧವಾದರೆ ಬೆಳಕು ಕಣ್ಣಿಗೆ ಅರ್ಧವಾದಂತೆ ಕಾಣುವುದಿಲ್ಲ, ಸ್ವಲ್ಪ ಕಡಿಮೆಯಾದಂತೆ ಕಾಣುತ್ತದೆ, ಅಷ್ಟೇ. ಸೆಲ್ 1.1ಕ್ಕೆ ಬಂದರೂ ಕತ್ತಲಲ್ಲಿ ದಾರಿ ನೋಡಲು ಸಾಕಾಗುವಷ್ಟು ಬೆಳಕಿರುತ್ತದೆ. ಒಂದು ಒಳ್ಳೆಯ ಎಎ ಆಲ್ಕಲೈನಿನಲ್ಲಿ ಇಷ್ಟು ಸಣ್ಣ ಕರೆಂಟಿಗೆ 2000 ಎಂಎಎಚ್‌ಗಿಂತ (ಮಿಲಿ ಆಂಪಿಯರ್ ಗುಣಿಸು ಗಂಟೆ, ಸೆಲ್ಲಿನ ಸಾಮರ್ಥ್ಯದ ಅಳತೆ) ಹೆಚ್ಚೇ ಸಿಗುತ್ತದೆ. ನಿನ್ನ ಟಾರ್ಚ್ ನೂರು ಗಂಟೆ ದಾಟುತ್ತದೆ.

9 ವೋಲ್ಟಿನ ಚೌಕ ಬ್ಯಾಟರಿ ನೋಡಲು ಮುದ್ದಾಗಿದೆ, ಕಟ್ಟಲು ಸುಲಭ, ಟಾರ್ಚಿಗೆ ಸಲ್ಲದು. ಒಳಗೆ ಆರು ಪುಟ್ಟ ಸೆಲ್‌ಗಳು, ಆಲ್ಕಲೈನ್ ಆದರೂ ಸಾಮರ್ಥ್ಯ ಸುಮಾರು 500 ಎಂಎಎಚ್ ಮಾತ್ರ. ಒಂದೇ ಎಲ್‌ಇಡಿ ಉರಿಸಿದರೆ 9ರಲ್ಲಿ 3.2 ಬೆಳಕಿನ ಪಾಲು, ಮಿಕ್ಕ 5.8 ವೋಲ್ಟ್ ರೆಸಿಸ್ಟರಿನಲ್ಲಿ ಶಾಖವಾಗಿ ಹೋಗುತ್ತದೆ. ಮೂರರಲ್ಲಿ ಎರಡು ಪಾಲು ಶಕ್ತಿ ಪೋಲು. ಮನೆಯಲ್ಲಿ ಅದೊಂದೇ ಇದ್ದರೆ ಎರಡು ಎಲ್‌ಇಡಿಯನ್ನು ಸರಣಿಯಲ್ಲಿ ಜೋಡಿಸಿ 150 ಓಮ್ ಹಾಕು. ರೆಸಿಸ್ಟರ್ ಇಲ್ಲದೆ ಹಾಕಿದ್ದರಿಂದ ನಿನ್ನ ಎಲ್‌ಇಡಿಗೆ ಮಿತಿ ಮೀರಿದ ಕರೆಂಟು ನುಗ್ಗಿತು. ಫಾಸ್ಫರ್ ಅಷ್ಟನ್ನು ಹಳದಿಯಾಗಿಸಲಾರದೆ ನೀಲಿ ಹಾಗೇ ಹೊರಬಿತ್ತು. ನೀನು ಕಂಡ ನೀಲಿ ಅದು. ಅಣ್ಣನನ್ನು ಬೈಯಬೇಡ.

ಪ್ರಶ್ನೆ: ಹತ್ತು ಎಲ್‌ಇಡಿಗಳನ್ನು ಸಮಾಂತರವಾಗಿ (ಪಕ್ಕಪಕ್ಕಕ್ಕೆ) ಜೋಡಿಸಿ ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕಿದ್ದೆ. ಎರಡು ತಿಂಗಳಲ್ಲಿ ಒಂದು ಹೋಯಿತು, ಆಮೇಲೆ ವಾರದೊಳಗೆ ಮೂರು. ಬ್ಯಾಟರಿ ದೋಷವೇ?

ಉತ್ತರ: ಬ್ಯಾಟರಿಯದಲ್ಲ. ಒಂದೇ ಪೊಟ್ಟಣದ ಎಲ್‌ಇಡಿಗಳಲ್ಲೂ ಒಂದರ ಹೊಸ್ತಿಲು 3.1 ಇದ್ದರೆ ಇನ್ನೊಂದರದು 3.3 ಇರುತ್ತದೆ. ಹೊಸ್ತಿಲು ತಗ್ಗಿರುವುದು ಹೆಚ್ಚು ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ. ಬಿಸಿಯಾದರೆ ಹೊಸ್ತಿಲು ಮತ್ತೂ ತಗ್ಗುತ್ತದೆ, ಇನ್ನಷ್ಟು ಎಳೆಯುತ್ತದೆ. ಅದು ಸತ್ತರೆ ಅದರ ಪಾಲು ಉಳಿದವುಗಳ ಮೇಲೆ ಬೀಳುತ್ತದೆ. ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಕೊಡಿ. ಹತ್ತು ರೆಸಿಸ್ಟರ್ ಬೆಸುಗೆ ಹಾಕುವ ಬೇಸರ ಒಂದು ಸಂಜೆಯದು. ಹತ್ತು ಎಲ್‌ಇಡಿಗೆ 200 ಮಿಲಿ ಆಂಪಿಯರ್ ಬೇಕು, ಆದ್ದರಿಂದ ಇನ್ನೂ ಸಣ್ಣದಾದ ಎಎಎ ಬಿಟ್ಟು ಎಎ ಹಾಕಿ.

ಪ್ರಶ್ನೆ: 1 ವ್ಯಾಟ್ ಎಲ್‌ಇಡಿ ಹಾಕಿ ರಾತ್ರಿ ನಡೆಯಲು ಒಂದು ಗಟ್ಟಿ ಟಾರ್ಚ್ ಮಾಡುತ್ತಿದ್ದೇನೆ. ರೀಚಾರ್ಜ್ ಆಗುವ ಸೆಲ್ 1.2 ವೋಲ್ಟಿನದು, ಅದು 1.5ಕ್ಕಿಂತ ದುರ್ಬಲ, ಟಾರ್ಚಿಗೆ ಬೇಡ ಎಂದು ಸ್ನೇಹಿತರ ಅಭಿಪ್ರಾಯ. ನಿಮ್ಮ ಸಲಹೆ?

ಉತ್ತರ: ನಿಮ್ಮ ಸ್ನೇಹಿತರು ಸೆಲ್ಲಿನ ಹೆಸರನ್ನು ಓದಿದ್ದಾರೆ, ನಡತೆಯನ್ನು ನೋಡಿಲ್ಲ. ಈ ರೀಚಾರ್ಜ್ ಸೆಲ್, ಅಂದರೆ ನಿಕಲ್ ಮೆಟಲ್ ಹೈಡ್ರೈಡ್ ಸೆಲ್, ಚಾರ್ಜರಿನಿಂದ ತೆಗೆದಾಗ 1.4, ಬೇಗ 1.25ಕ್ಕೆ ಇಳಿದು ಅಲ್ಲೇ ಬಯಲಿನಂತೆ ಸಮತಟ್ಟಾಗಿ ಬಹಳ ಹೊತ್ತು ನಿಲ್ಲುತ್ತದೆ, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಆಲ್ಕಲೈನ್ ಎತ್ತರದಿಂದ ಶುರುವಾಗಿ ಉದ್ದಕ್ಕೂ ಇಳಿಯುತ್ತಲೇ ಇರುತ್ತದೆ. 1 ವ್ಯಾಟ್ ಎಲ್‌ಇಡಿ ಕೇಳುವುದು 350 ಮಿಲಿ ಆಂಪಿಯರ್. ಅಷ್ಟು ಎಳೆದಾಗ ಆಲ್ಕಲೈನ್ ತನ್ನ ಆಯುಸ್ಸಿನ ಅರ್ಧದಾರಿಯಲ್ಲೇ 1.2ರ ಕೆಳಗೆ ಹೋಗಿರುತ್ತದೆ. ಕಾರಣ ಸೆಲ್ಲಿನ ಒಳಗಿನ ತಡೆ. ಹೊಸ ಎಎ ಆಲ್ಕಲೈನಿನಲ್ಲಿ ಅದು 0.15ರಿಂದ 0.3 ಓಮ್, ಖಾಲಿಯಾಗುತ್ತಿದ್ದಂತೆ ಏರುತ್ತದೆ. ಒಳ್ಳೆಯ ರೀಚಾರ್ಜ್ ಸೆಲ್ಲಿನಲ್ಲಿ ಅದರ ಐದನೇ ಒಂದು ಪಾಲಷ್ಟೂ ಇರುವುದಿಲ್ಲ ಅನ್ನಬಹುದು. ದಿನಾ ಬಳಸುವ, ಹೆಚ್ಚು ಎಳೆಯುವ ಟಾರ್ಚಿಗೆ ನನ್ನ ಮತ ಕಣ್ಣುಮುಚ್ಚಿ ರೀಚಾರ್ಜ್ ಸೆಲ್ಲಿಗೆ.

ಆದರೆ ಮೂರು ಸೆಲ್ಲಿಗೆ ಬರೀ ರೆಸಿಸ್ಟರ್ ಹಾಕಲು ಹೋಗಬೇಡಿ. 3.6ರಲ್ಲಿ 3.1 ಕಳೆದರೆ ಮಿಗುವುದು ಅರ್ಧ ವೋಲ್ಟ್, ರೆಸಿಸ್ಟರ್ 1.5 ಓಮ್ ಬರುತ್ತದೆ. ಆಗ ತಾನೇ ಚಾರ್ಜಾದ ಸೆಲ್‌ಗಳು 4.2 ಕೊಟ್ಟರೆ ಲೆಕ್ಕದ ಪ್ರಕಾರ ಕರೆಂಟು 700 ಮಿಲಿ ಆಂಪಿಯರಿಗೆ ಜಿಗಿಯುತ್ತದೆ. ಮಿಗುವ ವೋಲ್ಟ್ ಕಡಿಮೆ ಇದ್ದಷ್ಟೂ ಕರೆಂಟು ಹಿಡಿತಕ್ಕೆ ಸಿಗುವುದಿಲ್ಲ. ನಾಲ್ಕು ಸೆಲ್ ಹಾಕಿ, 5.6 ಓಮ್, 2 ವ್ಯಾಟಿನ ರೆಸಿಸ್ಟರ್ ಕೊಟ್ಟರೆ ಮೊದಲು 430, ಆಮೇಲೆ 300ರ ಆಸುಪಾಸು ನಿಲ್ಲುತ್ತದೆ. ಮೂರೇ ಸಾಕು ಎನ್ನುವುದಾದರೆ ಎಎಂಸಿ7135 ಎಂಬ ಪುಟ್ಟ ಚಿಪ್ ಹಾಕಿ. ಅದು 350 ಮಿಲಿ ಆಂಪಿಯರನ್ನು ಬಿಗಿಯಾಗಿ ಹಿಡಿದಿಡುತ್ತದೆ, ತನಗೆಂದು ತೆಗೆದುಕೊಳ್ಳುವುದು ಸುಮಾರು 0.12 ವೋಲ್ಟ್ ಮಾತ್ರ. 2000 ಎಂಎಎಚ್ ಸೆಲ್ ಆದರೆ ಐದು ಗಂಟೆಗೂ ಹೆಚ್ಚು ಒಂದೇ ಸಮನೆ ಬೆಳಕು. ಎಲ್‌ಇಡಿಯನ್ನು ಅಲ್ಯೂಮಿನಿಯಂ ತಗಡಿಗೆ ಹೀಟ್ ಸಿಂಕ್ ಪೇಸ್ಟ್ ಹಚ್ಚಿ ಕೂರಿಸಿ, ಪ್ಲಾಸ್ಟಿಕ್ ಪೈಪಿನಲ್ಲಿ ಬರಿದೇ ಕೂತರೆ ಬೇಯುತ್ತದೆ.

ಇನ್ನೊಂದು ಮಾತು. ದಪ್ಪ ಡಿ ಗಾತ್ರದ ರೀಚಾರ್ಜ್ ಸೆಲ್ ಕೊಳ್ಳುವ ಮುನ್ನ ಎಂಎಎಚ್ ಓದಿ. 2500 ಎಂದು ಇದ್ದರೆ ದೊಡ್ಡ ಡಬ್ಬಿಯೊಳಗೆ ಎಎ ಸೆಲ್ ಕೂತಿರುವ ಸಾಧ್ಯತೆ ಬಹಳ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ತೂಕ ಇಲ್ಲದ್ದು ಗೊತ್ತಾಗುತ್ತದೆ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿದಾಗ ಆರು 18650 ಸೆಲ್ ಸಿಕ್ಕವು. ಟಾರ್ಚಿಗೆ ಒಂದೇ ಸೆಲ್ ಸಾಕಂತೆ. ಮಗನಿಗೂ ಒಂದು ಮಾಡಿಕೊಡಬೇಕೆಂದಿದ್ದೇನೆ. ಹೊಸದಾಗಿ ಮಾರಾಟಕ್ಕಿರುವ ಕೆಲವು ಸೆಲ್‌ಗಳ ಮೇಲೆ 9900 ಎಂಎಎಚ್ ಎಂದಿದೆ, ಅದೇ ಮೇಲಲ್ಲವೇ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: 9900 ಶುದ್ಧ ಸುಳ್ಳು. 18650 ಎಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಆ ಕೊಳವೆಯೊಳಗೆ ಒಳ್ಳೆಯ ತಯಾರಕರು ತುಂಬುವುದು 2500ರಿಂದ 3500 ಎಂಎಎಚ್. ಸೆಲ್ಲಿನ ಮೇಲೇ ಸುಳ್ಳು ಅಂಕಿ ಬರೆಯುವವರು ಒಳಗಿನ ಸುರಕ್ಷತೆಯಲ್ಲಿ ಸತ್ಯವಾಗಿರುತ್ತಾರೆಂದು ನಾನು ನಂಬಲಾರೆ. ಅಂಥದ್ದನ್ನು ಮುಟ್ಟಬೇಡಿ.

18650 ಲಿಥಿಯಂ ಅಯಾನ್ ಸೆಲ್, ಬಿಳಿ ಎಲ್‌ಇಡಿಗೆ ಅದು ಹೇಳಿಮಾಡಿಸಿದ ಜೋಡಿ. ಪೂರ್ಣ ಚಾರ್ಜಿನಲ್ಲಿ 4.2, ಹೆಚ್ಚಿನ ಹೊತ್ತು 3.6-3.7, 3.0ಕ್ಕೆ ನಿಲ್ಲಿಸಬೇಕು. ಅದು ಇಳಿಯುವ ದಾರಿ ಬಹುಪಾಲು ಎಲ್‌ಇಡಿಯ ಹೊಸ್ತಿಲಿನ ಮೇಲೇ ಸಾಗುತ್ತದೆ. ಸಣ್ಣ 5 ಮಿ.ಮೀ. ಎಲ್‌ಇಡಿಗೆ 56 ಓಮ್ ಸಾಕು, 1 ವ್ಯಾಟಿನದಕ್ಕೆ ಮೇಲೆ ಹೇಳಿದ ಚಿಪ್. 3000 ಎಂಎಎಚ್ ಸೆಲ್ಲಿನಲ್ಲಿ ಎಂಟು ಗಂಟೆ ನಿರೀಕ್ಷಿಸಬಹುದು.

ಆದರೆ ಲ್ಯಾಪ್‌ಟಾಪಿನಿಂದ ಬಿಚ್ಚಿದವು ಬೆತ್ತಲೆ ಸೆಲ್‌ಗಳು. ರಕ್ಷಣೆಯ ಬೋರ್ಡು ಪ್ಯಾಕಿನಲ್ಲಿತ್ತು, ಸೆಲ್ಲಿನಲ್ಲಿ ಇಲ್ಲ. ಮೊದಲು ಪ್ರತಿಯೊಂದನ್ನೂ ಮಲ್ಟಿಮೀಟರಿನಲ್ಲಿ ಅಳೆಯಿರಿ. 2 ವೋಲ್ಟಿಗಿಂತ ಕೆಳಗೆ ಬಿದ್ದು ತಿಂಗಳುಗಟ್ಟಲೆ ಹಾಗೇ ಇದ್ದದ್ದನ್ನು ಮತ್ತೆ ಚಾರ್ಜ್ ಮಾಡಬೇಡಿ, ಒಳಗೆ ತಾಮ್ರ ಕರಗಿ ಶಾರ್ಟ್ ಆಗುವ ಅಪಾಯವಿದೆ. ಪ್ಲಾಸ್ಟಿಕ್ ಹೊದಿಕೆ ಹರಿದದ್ದನ್ನೂ ಬದಿಗಿಡಿ. ಬಹಳ ಜನಕ್ಕೆ ತಿಳಿಯದ ವಿಷಯ ಇದು: ಈ ಸೆಲ್ಲಿನ ಇಡೀ ಲೋಹದ ಮೈ ಮೈನಸ್. ಪ್ಲಸ್ ಗುಂಡಿಯ ಅಂಚಿಗೂ ಆ ಮೈಗೂ ನಡುವೆ ಒಂದೆರಡು ಮಿ.ಮೀ. ಜಾಗ, ಕಾಯುವುದು ಒಂದು ತೆಳು ಹೊದಿಕೆ, ಒಂದು ಕಾಗದದ ಉಂಗುರ. ಜೇಬಿನಲ್ಲಿ ಕೀಗೊಂಚಲಿನ ಜೊತೆ ಹಾಕಿಕೊಂಡರೆ ಬೆಂಕಿ ಹತ್ತಬಹುದು.

ಸೆಲ್ಲಿಗೆ ನೇರವಾಗಿ ಬೆಸುಗೆ ಕಡ್ಡಿ ಮುಟ್ಟಿಸಬೇಡಿ, ಹೋಲ್ಡರ್ ಬಳಸಿ. ರಕ್ಷಣೆ ಇರುವ ಟಿಪಿ4056 ಚಾರ್ಜಿಂಗ್ ಬೋರ್ಡ್ ಹಾಕಿದರೆ ಅದು 4.2ಕ್ಕೆ ಚಾರ್ಜ್ ನಿಲ್ಲಿಸುತ್ತದೆ, ತೀರಾ ಇಳಿದಾಗ ಟಾರ್ಚನ್ನೂ ಕಡಿದುಹಾಕುತ್ತದೆ. ಆ ಬೋರ್ಡು ಸಾಮಾನ್ಯವಾಗಿ 1 ಆಂಪಿಯರಿಗೆ ಹೊಂದಿಸಿ ಬರುತ್ತದೆ. ಪುಟ್ಟ ಸೆಲ್ಲಿಗೆ ಅದು ಅತಿಯಾಗುತ್ತದೆ ಎಂಬುದು ನೆನಪಿರಲಿ. ಚಾರ್ಜಿಗೆ ಹಾಕಿ ಮಲಗಬೇಡಿ. 14500 ಎಂಬ ಲಿಥಿಯಂ ಸೆಲ್ ಗಾತ್ರದಲ್ಲಿ ಪೆನ್ಸಿಲ್ ಸೆಲ್ಲಿನಷ್ಟೇ, ಆದರೆ 3.7 ವೋಲ್ಟ್. ಅವೆರಡನ್ನು ಒಂದೇ ಡಬ್ಬಿಯಲ್ಲಿ ಇಡಲೇಬೇಡಿ.

ಮಗನ ಟಾರ್ಚಿನ ವಿಷಯಕ್ಕೆ ಬಂದರೆ ನನ್ನ ಉತ್ತರ ಖಡಾಖಂಡಿತ: ಮಕ್ಕಳ ಕೈಗೆ ಬಿಚ್ಚಿ ತೆಗೆಯಬಹುದಾದ ಲಿಥಿಯಂ ಅಯಾನ್ ಸೆಲ್ ಕೊಡಬೇಡಿ. ಅವನಿಗೆ ಮೂರು ಎಎ ರೀಚಾರ್ಜ್ ಸೆಲ್, 33 ಓಮ್ ರೆಸಿಸ್ಟರ್, ಒಂದು 5 ಮಿ.ಮೀ. ಎಲ್‌ಇಡಿ ಕೊಡಿ. ಶಾರ್ಟ್ ಆದರೆ ಅವೂ ಕೈ ಸುಡುವಷ್ಟು ಬಿಸಿಯಾಗುತ್ತವೆ, ಆದರೆ ಲಿಥಿಯಂನಂತೆ ಜ್ವಾಲೆ ಕಾರುವುದಿಲ್ಲ.

ಪ್ರಶ್ನೆ: ಮೂರು ವರ್ಷದ ಮಗಳಿಗೆ ಪುಟ್ಟ ಬೆಳಕು ಮಾಡಲು ನಾಣ್ಯದಂಥ ಸಿಆರ್2032 ಸೆಲ್ ಚೆನ್ನ, ರೆಸಿಸ್ಟರೂ ಬೇಡವಂತೆ. ನಿಜವೇ?

ಉತ್ತರ: ರೆಸಿಸ್ಟರ್ ಬೇಡ ಎನ್ನುವುದು ನಿಜ. 3 ವೋಲ್ಟಿನ ಆ ಸೆಲ್ಲಿನ ಒಳಗೇ ಹತ್ತಾರು ಓಮ್ ತಡೆ ಇದೆ, ಅದೇ ಎಲ್‌ಇಡಿಯನ್ನು ಕಾಯುತ್ತದೆ. ಸಾಮರ್ಥ್ಯ ಸುಮಾರು 220 ಎಂಎಎಚ್, ಅದೂ ತೀರಾ ಸಣ್ಣ ಕರೆಂಟಿಗೆ.

ಆದರೆ ತಾಯಿ, ಮೂರು ವರ್ಷದ ಮಗು ಇರುವ ಮನೆಯಲ್ಲಿ ದಯವಿಟ್ಟು ಬೇಡ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸೆಲ್ಲಿನ ಕರೆಂಟಿನಿಂದಲೇ ಅಲ್ಲಿ ಕ್ಷಾರ ಹುಟ್ಟಿ ಎರಡು ಗಂಟೆಯೊಳಗೆ ಒಳಗೆಲ್ಲ ಸುಡಬಲ್ಲದು. ಮಗು ಅಳದೆಯೂ ಇರಬಹುದು. ನುಂಗಿದೆ ಎಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ, ಎಕ್ಸ್-ರೇ ತೆಗೆಸಿ. ಮಗಳ ಬೆಳಕಿಗೆ ಎರಡು ಎಎ ಸೆಲ್ ಹಾಕಿ, ಕೆಂಪು ಅಥವಾ ಹಳದಿ ಎಲ್‌ಇಡಿ ಇರಲಿ, 68 ಓಮ್ ಸಾಕು. ಆ ಬಣ್ಣಗಳ ಹೊಸ್ತಿಲು 2 ವೋಲ್ಟಿನ ಆಸುಪಾಸು, ಆದ್ದರಿಂದ ಎರಡೇ ಸೆಲ್ ಕಡೆಯವರೆಗೂ ದುಡಿಯುತ್ತವೆ. ಮುಚ್ಚಳಕ್ಕೆ ಸ್ಕ್ರೂ ಹಾಕಿ.

ಪ್ರಶ್ನೆ: ಕರೆಂಟು ಹೋದಾಗಷ್ಟೇ ಬಳಸುವ ಟಾರ್ಚ್. ಎರಡು ವರ್ಷ ಕಪಾಟಿನಲ್ಲಿತ್ತು. ತೆಗೆದು ನೋಡಿದರೆ ಸೆಲ್ ಸೋರಿ ಬಿಳಿ ಪುಡಿ ಮೆತ್ತಿಕೊಂಡಿದೆ. ಯಾವ ಸೆಲ್ ಸೋರುವುದಿಲ್ಲ?

ಉತ್ತರ: ಈ ಪತ್ರ ಓದಿ ನನಗೆ ನಮ್ಮ ತಂದೆಯ ಟಾರ್ಚ್ ನೆನಪಾಯಿತು. ಮೂರು ದಪ್ಪ ಸೆಲ್ಲಿನ ಹಿತ್ತಾಳೆಯ ಟಾರ್ಚ್, ಹಿಡಿದಲ್ಲೆಲ್ಲ ಮುಲಾಮು ಬಳಿದು ತೆಗೆದ ಹಾಗೆ ನುಣುಪಾಗಿತ್ತು. ಅವರು ಹೋದ ಮೇಲೆ ಸೆಲ್ ತೆಗೆಯದೆ ಪೆಟ್ಟಿಗೆಯಲ್ಲಿಟ್ಟೆ. ಕೆಲವು ವರ್ಷದ ನಂತರ ತೆಗೆದರೆ ಸ್ಪ್ರಿಂಗು ಕರಗಿತ್ತು, ಸೆಲ್‌ಗಳು ಉಬ್ಬಿ ಒಳಗೇ ಕಚ್ಚಿಕೊಂಡಿದ್ದವು. ಅದನ್ನು ಉಳಿಸಿಕೊಳ್ಳಲು ಆಗಲಿಲ್ಲ. ಆ ದುಃಖ ಇನ್ನೂ ಇದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಗ್ಗದ ಜಿಂಕ್ ಕಾರ್ಬನ್ ಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಮೈನಸ್ ಧ್ರುವ. ಸೆಲ್ ದುಡಿದಂತೆಲ್ಲ ಡಬ್ಬಿಯೇ ಕರಗುತ್ತದೆ, ಕೊನೆಗೆ ತೂತು ಬಿದ್ದು ಆಮ್ಲೀಯ ರಸ ಹೊರಬರುತ್ತದೆ. ಆಲ್ಕಲೈನಿನಲ್ಲಿ ಡಬ್ಬಿ ಉಕ್ಕಿನದು, ಆದರೆ ಒಳಗೆ ಹೈಡ್ರೋಜನ್ ಅನಿಲ ನಿಧಾನವಾಗಿ ಸೇರುತ್ತದೆ; ಒತ್ತಡ ಮೀರಿದಾಗ ತಳದ ಸೀಲು ಬಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜಿನುಗುತ್ತದೆ. ಗಾಳಿಗೆ ಸೇರಿ ಬಿಳಿ ಪುಡಿಯಾಗುವುದು ಅದೇ. ಪೂರ್ತಿ ಖಾಲಿಯಾದ ಸೆಲ್ ಹೆಚ್ಚು ಸೋರುತ್ತದೆ. ಹಳೆಯದು ಹೊಸದು ಬೆರೆಸಿದರೆ ಇನ್ನೂ ಕೆಟ್ಟದ್ದು: ಹೊಸವು ಹಳೆಯದನ್ನು ಸೊನ್ನೆಯ ಕೆಳಗೆ, ಉಲ್ಟಾ ದಿಕ್ಕಿಗೆ ತಳ್ಳುತ್ತವೆ.

ನಿಮ್ಮ ಬಗೆಯ ಟಾರ್ಚಿಗೆ, ವರ್ಷಕ್ಕೆ ನಾಲ್ಕು ಸಲ ಬಳಸಿ ಮಿಕ್ಕ ಹೊತ್ತು ಕಪಾಟಿನಲ್ಲಿರುವುದಕ್ಕೆ, 1.5 ವೋಲ್ಟಿನ ಲಿಥಿಯಂ ಎಎ ಸೆಲ್ ಹಾಕಿ. ಅದರಲ್ಲಿರುವುದು ಲಿಥಿಯಂ ಮತ್ತು ಐರನ್ ಡೈಸಲ್ಫೈಡ್, ರೀಚಾರ್ಜ್ ಆಗದು, ಹತ್ತು ವರ್ಷ ದಾಟಿಯೂ ಚಾರ್ಜ್ ಹಿಡಿದಿಡುತ್ತದೆ. ಸೋರುವುದು ಅಪರೂಪ. ತೂಕ ಕಡಿಮೆ, ಕಡು ಚಳಿಯಲ್ಲೂ ದುಡಿಯುತ್ತದೆ. ಬೆಲೆ ಹೆಚ್ಚೆಂಬುದು ನಿಜ. ಹೊಸದರಲ್ಲಿ ಒಂದೊಂದೂ 1.7ರ ಮೇಲೆ ತೋರಿಸುತ್ತದೆ, ಮೂರು ಹಾಕುವಾಗ ರೆಸಿಸ್ಟರನ್ನು 68ರಿಂದ 100 ಓಮಿಗೆ ಏರಿಸಿ. ಆಲ್ಕಲೈನೇ ಹಾಕುವುದಾದರೆ ಸೆಲ್‌ಗಳನ್ನು ಟಾರ್ಚಿನ ಪಕ್ಕದಲ್ಲಿ ಒಂದು ಪುಟ್ಟ ಚೀಲದಲ್ಲಿಡಿ, ಒಳಗೆ ಬೇಡ. ಕತ್ತಲಲ್ಲಿ ಸೆಲ್ ತುಂಬುವುದನ್ನು ಕಣ್ಣುಮುಚ್ಚಿ ಎರಡು ಸಲ ಅಭ್ಯಾಸ ಮಾಡಿಕೊಳ್ಳಿ.

ಈಗ ಸೋರಿರುವುದಕ್ಕೆ: ಕೈಗವಸು ಹಾಕಿ, ಪುಡಿ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಆಲ್ಕಲೈನ್ ಆಗಿದ್ದರೆ ಹತ್ತಿಗೆ ನಿಂಬೆರಸ ಅಥವಾ ವಿನೆಗರ್ ಅದ್ದಿ ಒರೆಸಿ, ಜಿಂಕ್ ಕಾರ್ಬನ್ ಆಗಿದ್ದರೆ ಅಡಿಗೆ ಸೋಡಾ ಕಲಸಿದ ನೀರು. ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಸ್ಪ್ರಿಂಗಿನ ಲೇಪನ ಹೋಗಿ ಹಸಿರು ಕಂಡರೆ ನುಣುಪು ಮರಳು ಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ. ಸ್ಪ್ರಿಂಗು ಬೆರಳಿಗೆ ಮುರಿಯುವಷ್ಟು ಸವೆದಿದ್ದರೆ ಹೊಸದನ್ನು ಬೆಸೆಯಬೇಕು. ಟಾರ್ಚ್ ಎಸೆಯುವ ಮುನ್ನ ಒಮ್ಮೆ ಇಷ್ಟನ್ನು ಮಾಡಿ ನೋಡಿ, ಉಳಿದರೆ ನನಗೊಂದು ಸಾಲು ಬರೆಯಿರಿ.